ಎಡಮೂಲೆಯ ಆನೆ

ಕೊನೆಯ ಸುತ್ತಿನಲ್ಲಿ ಯಾರ ಎದುರು ಯಾರು ಎನ್ನುವ ಹಾಳೆಯನ್ನು ಗೋಡೆಗೆ ಅಂಟಿಸಿದಾಗ ಅವಳು ತನ್ನ ಹೆಸರನ್ನು ಹುಡುಕಲಿಲ್ಲ. ಅವನ ಹೆಸರನ್ನು ಹುಡುಕಿದಳು. ಅದರ ಎದುರಿಗೇ ತನ್ನದಿತ್ತು.

ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದುಕೊಂಡವನ ಎದುರು, ಒಂದು ಮೇಜಿನ ಅಗಲದಷ್ಟೇ ದೂರದಲ್ಲಿ, ಇಡೀ ಮಧ್ಯಾಹ್ನ ಕೂರಬೇಕು. ಅದೂ ಮಾತಿಲ್ಲದೆ.

"ಬೇಡ ಅಂದ್ರೆ ಹೇಳು ಪುಟ್ಟಿ, ಹುಷಾರಿಲ್ಲ ಅಂತ ಬರ್ಕೋತೀನಿ," ಎಂದು ಅಪ್ಪ ಕಿವಿಯ ಬಳಿ ಪಿಸುಗುಟ್ಟಿದರು. ಪಂದ್ಯಾವಳಿಯ ತೀರ್ಪುಗಾರರು ಅವರೇ. ರೈಲು ನಿಲ್ದಾಣದಲ್ಲಿ ಜೀವಮಾನವಿಡೀ ರೈಲುಗಳು ಬರುವುದು ಹೋಗುವುದನ್ನು ಕೂಗಿ ನಿವೃತ್ತಿಯಾದ ಗಂಟಲು ಅದು. ಪಿಸುಗುಟ್ಟಿದರೂ ಸಭಾಂಗಣದ ಆ ತುದಿಗೆ ಕೇಳಿಸುತ್ತದೆ. ಅಲ್ಲಿ ನೀರು ಕುಡಿಯುತ್ತಿದ್ದವರು ತಿರುಗಿ ನೋಡಿದರು.

"ಅಪ್ಪಾ, ಮೆಲ್ಲಗೆ!"

"ಮೆಲ್ಲಗೇ ಹೇಳಿದ್ನಲ್ಲ!"

"ಆಡ್ತೀನಿ," ಎಂದಳು ಅವಳು. ಹಲ್ಲು ಕಚ್ಚಿಯೇ ಹೇಳಿದಳು.

ಅವಳದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವುದು, ಗಾಜು ಕತ್ತರಿಸುವುದು, ಫ್ರೇಮಿಗೆ ಕೂರಿಸುವುದು, ಎಲ್ಲ ಅವಳೇ. ಅವನು ಲಾಂಡ್ರಿಯೊಂದರ ವ್ಯಾನ್ ಓಡಿಸುತ್ತಿದ್ದ. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಕೊಳೆಯಾಗಿ ತರುವುದು, ಬಿಳಿಯಾಗಿ ಮುಟ್ಟಿಸುವುದು. ಹತ್ತಿರ ಬಂದರೆ ಸೋಪು ಮತ್ತು ಬಿಸಿ ಹಬೆಯ ವಾಸನೆ. ಅಪ್ಪ ಭಾನುವಾರ ನಡೆಸುತ್ತಿದ್ದ ಚೆಸ್ ಕ್ಲಬ್ಬಿನಲ್ಲಿ ಇಬ್ಬರೂ ಪರಿಚಯವಾದಾಗ ಇಬ್ಬರಿಗೂ ಮೂವತ್ತೈದು ದಾಟಿತ್ತು. "ಏನ್ ಡಾಕ್ಟ್ರೇ, ನಿಮ್ಮ ರಾಣಿ ಹೋಯ್ತಲ್ಲ," ಎಂದು ಮೊದಲ ದಿನವೇ ಅವನು ಕಾಲೆಳೆದಿದ್ದ. "ನಾನು ಡಾಕ್ಟರಲ್ಲ, ಕನ್ನಡಕದವಳು," ಎಂದು ಅವಳು ಮುಖ ಊದಿಸಿಕೊಂಡಿದ್ದಳು. ಮುಂದಿನ ಭಾನುವಾರ ಹೊಸ ಸೀರೆ ಉಟ್ಟು ಹೋಗಿದ್ದಳು.

ಆಮೇಲೆ ನೀವು ಹೋಗಿ ನೀನು ಬಂತು.

ಕೆಟ್ಟದ್ದು ಒಂದು ಊಟದಲ್ಲಿ. ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದರು, ಕ್ಲಬ್ಬಿನವನು ಎಂದು ಅವನನ್ನೂ ಕರೆದಿದ್ದರು. ಇವತ್ತು ಹೇಳಿಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವಳು ಅವನ ಪಕ್ಕದಲ್ಲಿ ಕೂತಳು. "ಯಾರನ್ನಾದ್ರೂ ನೋಡ್ಕೊಂಡಿದ್ದೀಯೇನೇ?" ಎಂದು ಚಿಕ್ಕಮ್ಮ ಎಂದಿನಂತೆ ಚುಚ್ಚಿದಾಗ, ಅವಳು ಎಲ್ಲರಿಗೂ ಕಾಣುವಂತೆ, ಮೇಜಿನ ಮೇಲೆಯೇ, ಅವನ ಕಡೆಗೆ ಕೈ ಚಾಚಿದಳು. ಅವನು ನೀರಿನ ಲೋಟವನ್ನೇ ನೋಡುತ್ತಾ ಕೂತಿದ್ದ. ಕೈ ಹಾಗೇ ಉಳಿಯಿತು. ಎಲ್ಲರೂ ಆ ಕೈಯನ್ನು ನೋಡಿದರು, ಅವನೊಬ್ಬನನ್ನು ಬಿಟ್ಟು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು, "ಯಾರೂ ಇಲ್ಲ ಚಿಕ್ಕಮ್ಮ," ಎಂದಳು.

ಮರುದಿನ ಕೇಳಿದಾಗ ಅವನು ಬೆಪ್ಪಾಗಿ ನಿಂತಿದ್ದ. "ನಾನು ನೋಡ್ಲೇ ಇಲ್ಲ."

"ಊರೆಲ್ಲ ನೋಡಿದ್ದನ್ನ ನೀನೊಬ್ಬ ನೋಡ್ಲಿಲ್ಲ?"

ಆಮೇಲೆ ಅವನು ಎರಡು ಸಲ ಪೇಟೆಯಲ್ಲಿ ಅವಳ ಪಕ್ಕದಲ್ಲೇ, ಗುರುತೇ ಇಲ್ಲದವನಂತೆ ಹಾದುಹೋದ. ಅವಳು ಅವನ ನಂಬರ್ ಅಳಿಸಿದಳು. ಅದು ಬಾಯಿಪಾಠ ಇದ್ದುದರಿಂದ ಅಳಿಸಿ ಏನೂ ಪ್ರಯೋಜನವಾಗಲಿಲ್ಲ.

ಈಗ ಅವನು ಎದುರಿಗೆ ಕೂತ. ಸೊರಗಿದ್ದ. ಗಲ್ಲದ ಕೆಳಗೆ ಬ್ಲೇಡು ತಾಗಿದ ಗಾಯಗಳಿದ್ದವು. ಅಂಗಿಗೆ ಮಾತ್ರ ಅದೇ ಗರಿಗರಿ ಇಸ್ತ್ರಿ.

"ನಮಸ್ಕಾರ. ಬಿಳಿ ನಿಮ್ಮದು," ಎಂದ.

ನಿಮ್ಮದು! ನೀನು ಹೋಗಿ ಮತ್ತೆ ನೀವು ಬಂದಿತ್ತು. "ಗೊತ್ತು," ಎಂದಳು. ಅವನು ಗಡಿಯಾರ ಒತ್ತಿದ.

ಅವಳು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಅವನೂ ಅದನ್ನೇ ಆಡಿದ. ಆ ಕಡೆ ಈ ಕಡೆ ಕುದುರೆಗಳು ಹೊರಬಂದವು, ಆಮೇಲೆ ಓರೆಯಾಗಿ ಓಡುವ ಒಂಟೆಗಳು. ಇಟಾಲಿಯನ್ ಎನ್ನುವ ಹಳೇ ಆರಂಭ. ಅಪ್ಪ ಕ್ಲಬ್ಬಿನಲ್ಲಿ ಎಲ್ಲರಿಗೂ ಮೊದಲು ಕಲಿಸುವುದು ಇದನ್ನೇ. "ಮನೆಯ ಕಾಯಿಗಳನ್ನೆಲ್ಲ ಬೀದಿಗೆ ತನ್ನಿ, ರಾಜನನ್ನ ಒಳಗೆ ಕೂರಿಸಿ, ಆಮೇಲೆ ಜಗಳ ಶುರು ಮಾಡಿ," ಎನ್ನುತ್ತಿದ್ದರು. ಇದೇ ಆಟವನ್ನು ಇವರಿಬ್ಬರೂ ಅದೆಷ್ಟು ಭಾನುವಾರ ಆಡಿದ್ದರೋ. ಆಗ ಮೇಜಿನ ಕೆಳಗೆ ಅವನ ಚಪ್ಪಲಿ ಅವಳ ಚಪ್ಪಲಿಯನ್ನು ತಳ್ಳುತ್ತಿತ್ತು. ಅವಳು "ತೀರ್ಪುಗಾರರಿಗೆ ಹೇಳ್ತೀನಿ" ಎಂದು ಕಣ್ಣು ಕೆಂಪಗೆ ಮಾಡುತ್ತಿದ್ದಳು. "ಹೇಳು, ನಿಮ್ಮಪ್ಪನೇ ತಾನೇ," ಎಂದು ಅವನು ತುಟಿಯ ಒಂದೇ ತುದಿಯಲ್ಲಿ ನಗುತ್ತಿದ್ದ.

ಇವತ್ತು ಅವನು ನಗಲಿಲ್ಲ. ಅವಳು ಮಾತ್ರ ಕಳ್ಳನೋಟದಲ್ಲಿ ಅವನ ಬೆರಳು, ಮಣಿಕಟ್ಟು, ಹುಬ್ಬಿನ ನಡುವಿನ ಗೆರೆ ಎಲ್ಲವನ್ನೂ ಲೂಟಿ ಮಾಡುತ್ತಿದ್ದಳು. ಸಿಟ್ಟಿನಿಂದಲೇ ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಾಗೆ ನೋಡುತ್ತಿದ್ದುದರಿಂದಲೇ ಅದು ಕಣ್ಣಿಗೆ ಬಿತ್ತು.

ಅವನು ಬೋರ್ಡನ್ನು ನೋಡುವ ರೀತಿ ಬದಲಾಗಿತ್ತು. ಮೊದಲು ಕುರ್ಚಿಗೆ ಒರಗಿ ಇಡೀ ಬೋರ್ಡನ್ನು ಒಂದೇ ಸಲ ನುಂಗುತ್ತಿದ್ದವನು, ಈಗ ಕಾಳು ಹುಡುಕುವ ಕೋಳಿಯ ಹಾಗೆ ಕತ್ತು ಕೊಂಕಿಸಿ ಕೊಂಕಿಸಿ, ಒಂದೊಂದೇ ಮೂಲೆಯನ್ನು ನೋಡುತ್ತಿದ್ದ. ಹೊಡೆದ ಕಾಯಿಯನ್ನು ಪಕ್ಕಕ್ಕೆ ಇಡಲು ಹೋಗಿ ನೀರಿನ ಬಾಟಲಿಗೆ ತಾಗಿಸಿದ. ಬಾಟಲಿ ಉರುಳಿತು. ಅವಳು ಹಿಡಿದಳು. ಯಾರು ಹಿಡಿದರು ಎಂದು ಅವನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

ಅವಳು ತನ್ನ ಪೆನ್ನನ್ನು ತೆಗೆದುಕೊಂಡು, ನಡೆ ಬರೆಯುವವಳಂತೆ, ಮೆಲ್ಲಗೆ ಅವನ ಎಡಗಡೆ ಮೇಜಿನ ಅಂಚಿನತ್ತ ಆಡಿಸಿದಳು. ಅಂಗಡಿಗೆ ಬಂದ ಯಾರೇ ಆದರೂ ಕಣ್ಣಂಚಿನಲ್ಲಿ ಅಷ್ಟು ಚಲನೆ ಕಂಡರೆ ತಟ್ಟನೆ ತಿರುಗುತ್ತಾರೆ. ಅವನು ತಿರುಗಲಿಲ್ಲ. ಬಲಗಡೆ ಆಡಿಸಿದಳು. ಇಲ್ಲ. ಪೆನ್ನು ಬೋರ್ಡಿನ ಅಂಚಿಗೆ ಬಂದ ಮೇಲೆ ಮಾತ್ರ ಅವನ ಕಣ್ಣು ಅತ್ತ ಹೊರಳಿತು. "ಏನಾಯ್ತು?" ಎಂಬಂತೆ ಹುಬ್ಬೇರಿಸಿದ.

ಏನೂ ಇಲ್ಲ ಎಂದು ತಲೆಯಾಡಿಸಿದಳು.

ನಾನು ನೋಡ್ಲೇ ಇಲ್ಲ ಎಂದಿದ್ದನಲ್ಲ! ನಿಜವನ್ನೇ ಹೇಳಿದ್ದ. ಅವನು ನೋಡುತ್ತಿದ್ದುದು ಒಂದು ಕೊಳವೆಯೊಳಗಿಂದ. ಪಕ್ಕದಲ್ಲಿ ಚಾಚಿದ ಕೈ, ಪಕ್ಕದಲ್ಲಿ ಹಾದುಹೋದ ಹೆಂಗಸು, ಯಾವುದೂ ಆ ಕೊಳವೆಯೊಳಗೆ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಊರವರ ಕಣ್ಣನ್ನೆಲ್ಲ ನೋಡುವವಳು ತನ್ನವನ ಕಣ್ಣನ್ನು ನೋಡಿರಲಿಲ್ಲ. ಅವಮಾನ ಆಯಿತೆಂದು ಮಹಾರಾಣಿಯ ಹಾಗೆ ಎದ್ದು ಬಂದಿದ್ದಳು.

ಅಳು ಒತ್ತರಿಸಿ ಬಂತು. ಅದೇ ಹೊತ್ತಿಗೆ ಅವನು ನಡುವಿನ ಕಾಲಾಳನ್ನು ಹೊಡೆದ. ಬೋರ್ಡಿನ ಉದ್ದಕ್ಕೂ ಓರೆಗೆರೆಯೊಂದು ತೆರೆದುಕೊಂಡಿತು. ಅವನ ಬಲಗಡೆಯ ಆಚೆ ತುದಿಯಲ್ಲಿ ಅವಳ ಒಂಟೆ. ಅವನ ಎಡಮೂಲೆಯಲ್ಲಿ ಅವನದೇ ಆನೆ. ನಡುವೆ ಒಂದು ಹುಲ್ಲುಕಡ್ಡಿಯೂ ಇಲ್ಲ.

ಅವನು ಅದನ್ನು ಕಂಡಿರಲಿಲ್ಲ.

ಅವಳು ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆ ಆನೆಯನ್ನು ಹೊಡೆಯುವುದು ಕುರುಡನ ಜೇಬಿಗೆ ಕೈ ಹಾಕಿದಂತೆ. ಬಿಟ್ಟುಬಿಡಲೇ? ಬೇರೇನಾದರೂ ಆಡಿ, ಡ್ರಾ ಕೇಳಿ, ಎದ್ದು ಹೋಗಲೇ? ಆದರೆ ಅವನು ಮುಂದಿನ ನಡೆಯಲ್ಲಿ ಕತ್ತು ಕೊಂಕಿಸಿ ಆ ಗೆರೆಯನ್ನು ನೋಡುತ್ತಾನೆ. ಅವಳು ಬೇಕೆಂದೇ ಬಿಟ್ಟಳು ಎಂದು ತಿಳಿಯುತ್ತದೆ. ಆ ಕ್ಷಣದಿಂದ ಅವನು ಅವಳಿಗೆ ಎದುರಾಳಿಯಲ್ಲ, ಪ್ರೇಮಿಯೂ ಅಲ್ಲ, ಅಯ್ಯೋ ಪಾಪ ಆಗಿಬಿಡುತ್ತಾನೆ. ಅದನ್ನು ಅವನು ಸಹಿಸಲಾರ. ಅವಳೂ ಸಹಿಸಲಾರಳು.

ಒಂಟೆಯನ್ನು ಎತ್ತಿ ಆನೆಯನ್ನು ಹೊಡೆದಳು.

ಅವನು ಆನೆ ಇದ್ದ ಮೂಲೆಯನ್ನೇ ನೋಡಿದ. ಅವಳು ಅವನ ಕಣ್ಣನ್ನು ನೋಡಿದಳು. ಅಲ್ಲಿದ್ದುದು ಆನೆ ಹೋದ ದುಃಖವಲ್ಲ, ಸಿಕ್ಕಿಬಿದ್ದವನ ಭಯ. ಬಿಟ್ಟುಕೊಡುತ್ತಾನೆ ಎಂದುಕೊಂಡಳು. ಅವನು ಎರಡು ಕೈಯಲ್ಲಿ ತಲೆ ಹಿಡಿದು ಬಗ್ಗಿ ಕೂತ. ಎಷ್ಟೋ ಹೊತ್ತು ಹಾಗೇ ಇದ್ದ. ಸುತ್ತಲಿನ ಮೇಜುಗಳು ಒಂದೊಂದಾಗಿ ಮುಗಿದವು. ಜನ ಕಾಲ ಬೆರಳ ಮೇಲೆ ನಡೆದು ಬಂದು ಇವರ ಹಿಂದೆ ನಿಂತರು.

ಆಮೇಲೆ ಅವನು ಕುದುರೆಯನ್ನು ಎತ್ತಿ ಅವಳ ರಾಜನ ಮುಂದಿದ್ದ ಕಾಲಾಳಿನ ಮೇಲೆ ಇಟ್ಟ.

ಬಲಿ! ಅವಳು ಹೊಡೆಯಲೇಬೇಕಿತ್ತು, ಹೊಡೆದಳು. ಕೋಟೆಯ ಬಾಗಿಲು ಮುರಿಯಿತು. ಅವನ ರಾಣಿ ಒಳಗೆ ನುಗ್ಗಿತು.

"ಚೆಕ್."

ಅವಳ ರಾಜ ಮೂಲೆಗೆ ಸರಿದ. ರಾಣಿ ಪಕ್ಕದ ಮನೆಗೆ ಬಂತು. "ಚೆಕ್." ರಾಜ ಹಿಂದಕ್ಕೆ ಬಂದ. ರಾಣಿಯೂ ಹಿಂದಕ್ಕೆ. "ಚೆಕ್." ಬೇರೆ ದಾರಿ ಇರಲಿಲ್ಲ. ಅವನಿಗೆ ಗೆಲ್ಲಲು ಬಲ ಸಾಲದು, ಅವಳಿಗೆ ತಪ್ಪಿಸಿಕೊಳ್ಳಲು ಜಾಗ ಸಾಲದು. ಅವಳ ಬಳಿ ಒಂದು ಇಡೀ ಆನೆ ಹೆಚ್ಚಿತ್ತು, ಅದು ಮೂಲೆಯಲ್ಲಿ ಸುಮ್ಮನೆ ನಿಂತು ನೋಡುತ್ತಿತ್ತು.

"ಡ್ರಾ?" ಎಂದ ಅವನು.

"ಡ್ರಾ."

ಕೈ ಕುಲುಕಲು ಅವಳು ಕೈಯನ್ನು ನೇರವಾಗಿ ಅವನ ಕಣ್ಣ ಮುಂದೆಯೇ ಹಿಡಿದಳು. ಅವನು ಹಿಡಿದ, ಬಿಸಿ ಬಾಣಲಿ ಮುಟ್ಟಿದವನಂತೆ ಬಿಟ್ಟ. ಅಪ್ಪ ಬಂದು ಫಲಿತಾಂಶ ಬರೆದುಕೊಂಡು, "ಒಬ್ಬರಿಗಾದ್ರೂ ಖುಷಿ ಇದ್ಯಾ ನೋಡು! ಎರಡು ರೈಲು ಒಟ್ಟಿಗೇ ತಪ್ಪಿಸ್ಕೊಂಡವರ ಹಾಗೆ ಕೂತಿದ್ದೀರಿ," ಎಂದು ಪಿಸುಗುಟ್ಟಿದರು. ಇಡೀ ಸಭಾಂಗಣ ನಕ್ಕಿತು. ಅವರಿಬ್ಬರು ನಗಲಿಲ್ಲ.

ಬಹುಮಾನ ಕೊಡುವವರೆಗೂ ಅವನು ನಿಲ್ಲಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟ. ಸಂಜೆಯ ಬಟ್ಟೆಗಳನ್ನು ಹೋಟೆಲುಗಳಿಗೆ ಮುಟ್ಟಿಸಬೇಕು. ಅವಳಿಗೆ ಆಗ ಹೊಳೆಯಿತು. ಆಟದ ದುಃಖದಲ್ಲಿ ಅದನ್ನು ಮರೆತೇಬಿಟ್ಟಿದ್ದಳು.

ಇವನು ಇನ್ನೂ ವ್ಯಾನ್ ಓಡಿಸುತ್ತಿದ್ದಾನೆ!

ಚಪ್ಪಲಿ ಸಿಕ್ಕಿಸಿಕೊಳ್ಳದೆ ಓಡಿದಳು. ಹಿತ್ತಲಿನ ಅಂಗಳದಲ್ಲಿ ಬಿಳಿ ವ್ಯಾನ್ ನಿಂತಿತ್ತು. ಅವನು ಆಗಲೇ ಹತ್ತಿ ಕೂತಿದ್ದ. ಅವಳು ಮುಂದಿನ ಬಂಪರಿನ ಎಡತುದಿಯಲ್ಲಿ ನಿಂತು ಎರಡೂ ಕೈ ಎತ್ತಿದಳು. ಗಾಜಿನ ಆಚೆ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಕನ್ನಡಿ ನೋಡಿದ. ಎಡಕ್ಕೆ ಕತ್ತು ತಿರುಗಿಸಿದ, ಅದು ಸಾಲಲಿಲ್ಲ. ಆಮೇಲೆ ನೇರ ದಾರಿಯನ್ನು ನೋಡಿ ಇಂಜಿನ್ ಚಾಲೂ ಮಾಡಿದ.

ಹಾಡುಹಗಲು. ಅವಳು ಹಳದಿ ಸೀರೆ ಉಟ್ಟಿದ್ದಳು.

ವ್ಯಾನ್ ಅವಳ ಕಡೆಗೆ ಹೊರಳಿತು. ಬಂಪರು ಮೊಣಕಾಲಿಗೆ ತಾಗಿದಾಗ ಅವಳು ಎರಡೂ ಅಂಗೈಯಿಂದ ಬಾನೆಟ್ಟಿಗೆ ಬಡಿದಳು. ಬ್ರೇಕು ಕಿರುಚಿತು.

ಅವನು ಬಾಗಿಲು ತೆರೆದು ಬಿದ್ದವನಂತೆ ಇಳಿದ. "ಎಲ್ಲಿದ್ದೆ? ಎಲ್ಲಿಂದ ಬಂದೆ ನೀನು? ತಲೆ ಕೆಟ್ಟಿದ್ಯಾ?"

"ಬಂದಿಲ್ಲ. ನೀನು ಇಂಜಿನ್ ಚಾಲೂ ಮಾಡೋಕೆ ಮೊದಲಿಂದ ಇಲ್ಲೇ ನಿಂತಿದ್ದೀನಿ."

ಅವನು ಅವಳನ್ನು ನೋಡಿದ, ಬಂಪರನ್ನು ನೋಡಿದ. ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಯಾವಾಗಿಂದ?" ಎಂದಳು.

"ಗೊತ್ತಿಲ್ಲ. ಕತ್ತಲೆ ಬಂದ್ರೆ ಗೊತ್ತಾಗುತ್ತೆ. ಇದು ಕತ್ತಲೆಯೂ ಅಲ್ಲ. ಅಲ್ಲಿ ಏನೂ ಇಲ್ಲ ಅನ್ಸುತ್ತೆ, ಅಷ್ಟೇ. ನೀನು ಆ ಊಟದ ವಿಷಯ ಹೇಳಿದ ದಿನ ಗೊತ್ತಾಯ್ತು." ಅವನು ಮುಖ ಉಜ್ಜಿಕೊಂಡ. "ಆಸ್ಪತ್ರೆಗೆ ಹೋಗಿದ್ದೆ ಒಂದ್ಸಲ. ಮೆಷಿನ್ ಮುಂದೆ ಕೂರಿಸಿ, ಬೆಳಕು ಕಂಡಾಗೆಲ್ಲ ಬಟನ್ ಒತ್ತಿ ಅಂದ್ರು. ತುಂಬಾ ಹೊತ್ತು ಒತ್ತೋಕೆ ಏನೂ ಇರ್ಲಿಲ್ಲ. ಎದ್ದು ಬಂದ್ಬಿಟ್ಟೆ."

"ನನ್ನ ಹತ್ರ ಬರ್ಬಾರ್ದಿತ್ತಾ? ಬೆಳಗ್ಗೆಯಿಂದ ಸಂಜೆವರೆಗೆ ನಾನು ಮಾಡೋ ಕೆಲಸ ಏನು?"

"ನಿನ್ನ ಹತ್ರ ಬಂದ್ರೆ ನಿಜ ಆಗ್ಬಿಡ್ತಿತ್ತು. ಇಪ್ಪತ್ತು ವರ್ಷದಿಂದ ಡ್ರೈವರ್ ನಾನು. ನನಗೆ ಬೇರೇನು ಬರುತ್ತೆ? ಅಮ್ಮನಿಗೆ ಏನು ಹೇಳ್ಲಿ? ನೀನು ಸಿಟ್ಟು ಮಾಡ್ಕೊಂಡು ಹೋದಾಗ ಒಳ್ಳೇದೇ ಆಯ್ತು ಅಂದ್ಕೊಂಡೆ. ಆಮೇಲೆ ದಿನಾ ನಿನ್ನ ಅಂಗಡಿ ಬೀದಿಯಲ್ಲೇ ವ್ಯಾನ್ ತಂದೆ. ನೀನು ಕಾಣ್ತೀಯೇನೋ ಅಂತ. ಕಾಣಲ್ಲ ಅಂತ ಗೊತ್ತಿದ್ದೂ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಹೊಡೆದಳು ಕೂಡ, ಮುಷ್ಟಿ ಕಟ್ಟಿ ಹೆಗಲಿಗೆ, ಮತ್ತೆ ಮತ್ತೆ. ಅವನು ತಡೆಯಲಿಲ್ಲ. "ಇವತ್ತು ನನ್ನ ಜಾಗದಲ್ಲಿ ಯಾರದ್ದಾದ್ರೂ ಮಗು ನಿಂತಿದ್ರೆ? ಯೋಚನೆ ಮಾಡಿದ್ಯಾ? ಮಗು ನಿಂತಿದ್ರೆ?"

"ದಿನಾ ಅದೇ ಯೋಚನೆ ಮಾಡ್ತೀನಿ," ಎಂದ ಅವನು.

ಅವಳು ಕೈ ಒಡ್ಡಿದಳು. "ಕೀ ಕೊಡು."

"ಇವತ್ತೊಂದು ದಿನ..."

"ಕೊಡು."

ಕೊಟ್ಟ. ಕೊಡುವಾಗ ಮಕ್ಕಳ ಹಾಗೆ ಅತ್ತ. ಅವಳು ಅವನ ಪಕ್ಕದಲ್ಲಿ, ಆ ಕಿರಿದಾದ ಮೆಟ್ಟಿಲ ಮೇಲೆ ಹೇಗೋ ಜಾಗ ಮಾಡಿಕೊಂಡು ಕೂತಳು. ಒಳಗೆ ಚಪ್ಪಾಳೆ ಕೇಳಿಸುತ್ತಿತ್ತು. ಯಾರಿಗೋ ಬಹುಮಾನ.

"ನನ್ನ ಮೇಲೆ ಕರುಣೆ ತೋರಿಸ್ಬೇಡ," ಎಂದ. "ಅದೊಂದು ಬೇಡ."

"ಕರುಣೆ ಇದ್ದಿದ್ರೆ ನಿನ್ನ ಆನೆ ಹೊಡೀತಿದ್ನಾ?"

ಅವನು ತಿರುಗಿ ಅವಳನ್ನು ಪೂರ್ತಿ ನೋಡಿದ. "ಕಂಡಿತ್ತಾ ನಿನಗೆ ಆಗ್ಲೇ? ಗೊತ್ತಿದ್ದೂ ಹೊಡೆದ್ಯಾ?"

"ಗೊತ್ತಿದ್ದೇ ಹೊಡೆದೆ."

"ರಾಕ್ಷಸಿ," ಎಂದ. ಅಳುವಿನ ನಡುವೆಯೇ ತುಟಿಯ ಒಂದು ತುದಿ ಮೇಲೆದ್ದಿತು. ಅದನ್ನು ನೋಡದೆ ಅವಳು ಹೇಗೆ ಇಷ್ಟು ದಿನ ಉಸಿರಾಡಿದ್ದಳೋ.

ಮರುದಿನ ಆಸ್ಪತ್ರೆಯಲ್ಲಿ ಅವಳು ಅವನ ಜೊತೆ ಒಳಗೇ ಕೂತಳು. ಈ ಸಲ ಅವನು ಎದ್ದು ಹೋಗಲಿಲ್ಲ. ಕಂಡಷ್ಟಕ್ಕೆ ಬಟನ್ ಒತ್ತಿದ. ಕಾಣದಿರುವ ಹೊತ್ತಿನ ನಿಶ್ಶಬ್ದವನ್ನು ಇಬ್ಬರೂ ಕೂಡಿ ಕೇಳಿದರು. ವೈದ್ಯೆ ವಯಸ್ಸಾದ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

"ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ನರವನ್ನ ತಿಂದಿದೆ. ಹೋದದ್ದು ಹೋಯ್ತು, ಯಾವ ಔಷಧಿಯಿಂದಲೂ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಹನಿ ಹಾಕ್ಬೇಕು, ಬದುಕಿರೋವರೆಗೂ. ಒಂದು ದಿನ ಕೂಡ ತಪ್ಪಿಸ್ಬಾರ್ದು. ವಾಹನದ ಮಾತೇ ಬೇಡ."

"ಮೊದಲೇ ಬಂದಿದ್ರೆ?" ಎಂದು ಅವನು ಕೇಳಿದ.

ವೈದ್ಯೆ ಅವನನ್ನು ನೋಡಿದರು. "ಈಗ ಬಂದಿದ್ದೀರಲ್ಲ," ಎಂದಷ್ಟೇ ಹೇಳಿದರು.

ಅವನು ಲಾಂಡ್ರಿಯ ಒಡತಿಗೆ ಎಲ್ಲವನ್ನೂ ಹೇಳಿದ. ಆಕೆ ವ್ಯಾನಿನ ವಿಷಯ ಕೇಳಿ ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ, ಒಳಗೆ ಇಸ್ತ್ರಿ ಮೇಜಿನ ಬಳಿ ನಿಲ್ಲಿಸಿದರು. ಮೊದಲ ದಿನ ಬೇರೊಬ್ಬ ಆ ವ್ಯಾನನ್ನು ಗೇಟಿನಿಂದ ಹೊರಗೆ ಒಯ್ಯುವಾಗ ಅವನು ಇಸ್ತ್ರಿಪೆಟ್ಟಿಗೆಯನ್ನು ದಿಂಬಿನ ಚೀಲದ ಮೇಲೆ ಮರೆತ. ಅದು ಸುಟ್ಟುಹೋಯಿತು. ಇದನ್ನು ಅವನು ಸಂಜೆ ಅವಳ ಮನೆಯಲ್ಲಿ, ಅಪ್ಪನ ಆರಾಮಕುರ್ಚಿಯಲ್ಲಿ ಒರಗಿ ಹೇಳುತ್ತಿದ್ದ. ಅವಳು ಕಣ್ಣಿನ ಹನಿಯ ಸೀಸೆಯ ಮುಚ್ಚಳ ತೆಗೆಯುತ್ತಿದ್ದಳು. ಅಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಹಾಳೆ ತಿರುವುವ ಸದ್ದು ಮಾತ್ರ ಬರುತ್ತಿರಲಿಲ್ಲ.

"ಮೇಲೆ ನೋಡು. ರೆಪ್ಪೆ ಬಡೀಬೇಡ."

"ನೀನು ಹೀಗೆ ಬಗ್ಗಿದ್ರೆ ಯಾರ ರೆಪ್ಪೆ ನಿಲ್ಲುತ್ತೆ ಡಾಕ್ಟ್ರೇ?"

"ಬಾಯಿ ಮುಚ್ಚು."

ಹನಿ ಬಿತ್ತು. ಕಣ್ಣು ಮುಚ್ಚಿದ. ಔಷಧಿ ಕೆಳಗಿಳಿಯದಂತೆ ಮೂಗಿನ ಪಕ್ಕ, ಕಣ್ಣಿನ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕೆಂದು ವೈದ್ಯೆ ಹೇಳಿದ್ದರು. ಅವಳು ಬೆರಳಿಟ್ಟು ಒತ್ತಿ ಹಿಡಿದಳು. ಅವನ ಬಿಸಿಯುಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು.

"ಒಂದು ಮಾತು," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಈ ಹನಿ ಕೆಲಸ ಮಾಡ್ದೆ ಇದ್ರೆ? ಮುಂದೆ ಒಂದು ದಿನ ನಿನ್ನ ಮುಖವೂ ಕಾಣ್ದೆ ಹೋದ್ರೆ? ರಾತ್ರಿಯೆಲ್ಲ ಅದೇ. ನಿದ್ದೆ ಬರಲ್ಲ ನನಗೆ."

ನಿನಗೆ ಹಾಗೇನೂ ಆಗಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ನಿದ್ದೆ ಬರುತ್ತಿರಲಿಲ್ಲ.

"ಹೆದರಿಕೆ ನನಗೂ ಇದೆ," ಎಂದಳು. "ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಯಾಕೆ ಹೆದರ್ಕೊಂಡು ಕೂರ್ಬೇಕು? ಮದುವೆ ಆಗೋಣ."

ಅವನು ಬೆಚ್ಚಿ ಏಳಲು ಹೋದ. ಅವಳು ಬೆರಳು ತೆಗೆಯಲಿಲ್ಲ.

"ಅಲ್ಲಾಡ್ಬೇಡ, ಔಷಧಿ ಹೋಗುತ್ತೆ. ತಲೆ ಕೂಡ ಆಡಿಸ್ಬಾರ್ದು."

"ತಲೆ ಆಡಿಸ್ಬಾರ್ದು ಅಂದ್ರೆ, ಒಪ್ಗೆ ಅಂತ ಹೇಳೋದು ಹೇಗೆ?"

"ಬಾಯಿ ಇದ್ಯಲ್ಲ."

ಮುಚ್ಚಿದ ರೆಪ್ಪೆಯ ಅಂಚಿನಿಂದ ಹನಿಯೊಂದು ಜಾರಿ ಕಿವಿಯ ಕಡೆಗೆ ಹರಿಯಿತು. ಅದು ಔಷಧಿಯೋ ಅಲ್ಲವೋ ಅವಳು ಕೇಳಲಿಲ್ಲ, ಸೆರಗಿನಿಂದ ಒರೆಸಿದಳು.

"ಹೂಂ," ಎಂದ ಅವನು.

ಅದು ಬಹಳ ಮೆಲ್ಲಗಿತ್ತು. ಆದರೂ ಪಕ್ಕದ ಕೋಣೆಯಲ್ಲಿ ಅಪ್ಪ ದೊಡ್ಡದಾಗಿ ಮೂಗು ಸೀಟಿಕೊಂಡ ಸದ್ದು ಕೇಳಿಸಿತು.